ಹಾರಿಹೋದದ್ದರ ಲೆಕ್ಕ

ತುಂಗಭದ್ರೆಯ ದಂಡೆಯ ಮೇಲಿರುವ ಕೆಂಚನಗುಡ್ಡ ಭತ್ತದ ಸೀಮೆಯ ಊರು. ಗಿರಣಿಗೆ ಹೋದ ಚೀಲದಲ್ಲಿ ಅಕ್ಕಿಯೆಷ್ಟು, ನುಚ್ಚೆಷ್ಟು, ತೌಡೆಷ್ಟು, ಹೊಟ್ಟೆಷ್ಟು ಎಂಬುದನ್ನು ಇಲ್ಲಿಯ ಒಕ್ಕಲಿಗರು ವಿಚಾರಿಸದೆ ಬಿಡುವವರಲ್ಲ. ಇಂಥ ಮನೆಯ ಹುಡುಗ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕವನ್ನು ತೆರೆದು, ರಾಸಾಯನಿಕ ಸಮೀಕರಣದ ಮುಂದೆ ಬೆವರುವನೆಂದರೆ ಸೋಜಿಗವೇ ಸರಿ. ಅಲ್ಲಿರುವುದೂ ಗಿರಣಿಯ ಲೆಕ್ಕವೇ: ಒಳಗೆ ಹೋದದ್ದೆಲ್ಲ ಯಾವುದಾದರೊಂದು ರೂಪದಲ್ಲಿ ಹೊರಗೆ ಬರಲೇಬೇಕು. ೧೭೮೯ರಲ್ಲಿ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಸಾರಿದ ಫ್ರಾನ್ಸಿನ ಲವಾಸಿಯೆ ತೆರಿಗೆ ವಸೂಲಿಯ ಗುತ್ತಿಗೆಯಲ್ಲಿ ಪಾಲುದಾರ. ಆ ಗುತ್ತಿಗೆಯೇ ೧೭೯೪ರಲ್ಲಿ ಅವನ ತಲೆಯನ್ನು ತೆಗೆಸಿತು. ನಿಯಮ ಮಾತ್ರ ಉಳಿಯಿತು.

ಹುಡುಗರು ಎಡವುವುದು ಒಂದೇ ಕಡೆ. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುವಾಗ ಎಡಗಡೆ ಆಮ್ಲಜನಕದ ಪರಮಾಣು ಎರಡು, ಬಲಗಡೆ ಒಂದೇ. ಕೊರತೆಯನ್ನು ತುಂಬಲು ಹುಡುಗ ನೀರಿನ ಸೂತ್ರದೊಳಗೇ ಪುಟ್ಟದೊಂದು ಎರಡನ್ನು ಸೇರಿಸುತ್ತಾನೆ. ಲೆಕ್ಕವೇನೋ ಕೂಡಿತು, ಆದರೆ ಅದು ನೀರಾಗಿ ಉಳಿಯಲಿಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಯಿತು! ಚೀಲದ ಲೆಕ್ಕ ಸರಿಹೋಗಲೆಂದು ಅಕ್ಕಿಯನ್ನು ಜೋಳವೆಂದು ಬರೆದಂತೆ. ಬದಲಾಯಿಸಬೇಕಾದದ್ದು ಸೂತ್ರದ ಮುಂದಿನ ಅಂಕಿಯನ್ನು: ಎರಡು ನೀರು, ಅದಕ್ಕಾಗಿ ಎರಡು ಜಲಜನಕ, ಒಂದು ಆಮ್ಲಜನಕ.

ಈ ಜಿಲ್ಲೆಯ ಹುಡುಗರಿಗೆ ಕಲಿಸತಕ್ಕ ಸಮೀಕರಣವೆಂದರೆ ಕಬ್ಬಿಣದ್ದು. ಸಂಡೂರಿನ ಕೆಂಪು ಅದಿರಿನಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಅಂಟಿಕೊಂಡಿವೆ. ಊದುಕುಲುಮೆಯಲ್ಲಿ ಕೋಕ್ ಕಲ್ಲಿದ್ದಲು ಉರಿದು ಹುಟ್ಟುವ ಇಂಗಾಲದ ಮೊನಾಕ್ಸೈಡ್ ಅವನ್ನು ಬಿಡಿಸಿಕೊಂಡು ಹೋಗುತ್ತದೆ. ಒಂದು ಅಣು ಹೊರುವುದು ಒಂದೇ ಆಮ್ಲಜನಕವನ್ನು. ಆದುದರಿಂದ ಮೂರು ಅಣುಗಳು ಬೇಕು. ತೂಕದಲ್ಲಿ ಹೇಳುವುದಾದರೆ, ೧೬೦ ಕಿಲೋ ಶುದ್ಧ ಅದಿರಿಗೆ ೮೪ ಕಿಲೋ ಮೊನಾಕ್ಸೈಡ್ ಸೇರಿ ೨೪೪. ಹೊರಬರುವುದು ಕಬ್ಬಿಣ ೧೧೨, ಇಂಗಾಲದ ಡೈಆಕ್ಸೈಡ್ ೧೩೨, ಅದೂ ೨೪೪.

ಕಬ್ಬಿಣಕ್ಕಿಂತ ಗಾಳಿಯೇ ಹೆಚ್ಚು ತೂಗಿತಲ್ಲ! ಕಬ್ಬಿಣಕ್ಕೆ ಪೇಟೆಯುಂಟು, ಬೆಲೆಯುಂಟು. ಹೊಗೆಕೊಳವೆಯಿಂದ ಹಾರಿದ್ದನ್ನು ಕೊಳ್ಳಲು ಕಾದು ನಿಂತವರಿಲ್ಲ. ಆದರೂ ಸಮೀಕರಣ ಅದನ್ನು ಬಿಟ್ಟು ಬರೆಯಲೊಲ್ಲದು. ಕಣದಲ್ಲಿ ಭತ್ತ ತೂರುವವನಿಗೆ ಗಾಳಿಗೆ ಹಾರಿದ ಜೊಳ್ಳು ಯಾರ ಹೊಲದ ಮೇಲೆ ಬಿದ್ದಿತೆಂಬುದು ಗೊತ್ತಿರುತ್ತದೆ. ಈ ೧೩೨ ಕಿಲೋ ಮಾತ್ರ ಕಣ್ಣಿಗೆ ಬೀಳದೆ ಎಲ್ಲರ ಹೊಲದ ಮೇಲೂ ಹರಡುತ್ತದೆ. ಇದಾದರೂ ಕಾಗದದ ಮೇಲಿನ ಲೆಕ್ಕ. ಕುಲುಮೆಗೆ ಕಾವು ಕೊಡುವುದಕ್ಕೂ ಕೋಕ್ ಉರಿಯಬೇಕಾದುದರಿಂದ, ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯಲ್ಲಿ ೧೧೨ ಕಿಲೋ ಕಬ್ಬಿಣಕ್ಕೆ ಹೊರಬೀಳುವ ಅನಿಲ ೧೩೨ ಕಿಲೋವನ್ನು ಮೀರಿಯೇ ಇರುತ್ತದೆ.