ಅದೇ ಶೇಕಡಾ 36, ಬೇರೆ ಫಲಿತಾಂಶ

ಕ್ಷೇತ್ರದಲ್ಲಿ ಉಳಿದೆಲ್ಲರಿಗಿಂತ ಒಂದು ಮತ ಹೆಚ್ಚು ಬಂದರೂ ಗೆಲುವೇ; ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮವಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಗಳು ನಡೆಯುವುದು ಹೀಗೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ನಿಜಕ್ಕೂ ಒಂದೇ ಮತದಿಂದ.

ಪದ್ಧತಿ ಸರಳ. ಎಣಿಕೆ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ, ಪ್ರತಿ ಕ್ಷೇತ್ರಕ್ಕೂ ಹೊಣೆ ಹೊರಲು ಒಬ್ಬ ಪ್ರತಿನಿಧಿ ಇರುತ್ತಾರೆ. ಒಂದೇ ಪಕ್ಷಕ್ಕೆ ಬಹುಮತ ಬರುವ ಸಾಧ್ಯತೆಯೂ ಹೆಚ್ಚು (ಖಚಿತವಂತೂ ಅಲ್ಲ: 2018ರಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಅತಂತ್ರ ವಿಧಾನಸಭೆ).

ತೊಡಕಿರುವುದು ಮತಗಳು ಸೀಟುಗಳಾಗುವ ಲೆಕ್ಕದಲ್ಲಿ. ಆ ವರ್ಷ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು. ಶೇ 36ರಷ್ಟು ಪಡೆದ ಬಿಜೆಪಿ 104 ಸೀಟು ಗೆದ್ದಿತು. 2023ರಲ್ಲೂ ಬಿಜೆಪಿಯ ಮತಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು, ಸೀಟು ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್ ಪಾಲು ಕುಗ್ಗಿ ಕಾಂಗ್ರೆಸ್ ಪಾಲು ಶೇ 43ರ ಹತ್ತಿರ ಹೋದದ್ದೇ ಕಾರಣ. ಅಂದರೆ ಪಕ್ಷವೊಂದರ ಅದೃಷ್ಟ ತನ್ನ ಮತಗಳಷ್ಟೇ ಎದುರಾಳಿಗಳ ಮತ ಹೇಗೆ ಹಂಚಿಹೋಯಿತು ಎಂಬುದನ್ನೂ ನೆಚ್ಚಿಕೊಂಡಿರುತ್ತದೆ.

ಎಲ್ಲ ಕಡೆ ತೆಳುವಾಗಿ ಹರಡಿಕೊಂಡ ಪಕ್ಷಕ್ಕೆ ಪೆಟ್ಟು ಇನ್ನೂ ಜೋರು. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿಗೆ ದೇಶದಾದ್ಯಂತ ಎರಡು ಕೋಟಿಗೂ ಹೆಚ್ಚು ಮತ ಬಿದ್ದಿತ್ತು. ಗೆದ್ದ ಸೀಟು ಸೊನ್ನೆ.