ಜೀಡಿಮೆಟ್ಲಾದ ಶೆಡ್ಡುಗಳು, ಮ್ಯಾಸ್ಟೊಡಾನಿನ ಸರ್ವರುಗಳು

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಎಂದ ಕೂಡಲೇ ಊರಿನವರು ಕೇಳುವುದು ಒಂದೇ ಮಾತು: "ಹೈಟೆಕ್ ಸಿಟಿಯಾಗ ಇರ್ತೀರೇನು?" ನಾವಿರುವುದು ಜೀಡಿಮೆಟ್ಲಾದಲ್ಲಿ. ನನ್ನವರು ಇಲ್ಲಿಯ ಒಂದು ಔಷಧ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ನನಗೆ ವಾರಕ್ಕೆ ಎರಡು ದಿನ ಮಾತ್ರ ಆಫೀಸು, ಉಳಿದದ್ದು ಮನೆಯಿಂದಲೇ. ಹಾಗಾಗಿ ದಿನಾ ಓಡಾಡುವವರ ಅನುಕೂಲ ನೋಡಿ ಮನೆ ಹಿಡಿದೆವು. ಬಾಡಿಗೆಯೂ ಮಾಧಾಪುರಕ್ಕಿಂತ ಎಷ್ಟೋ ಕಡಿಮೆ.

ನಗರದ ಉತ್ತರಕ್ಕೆ, ಬಾಲಾನಗರ ದಾಟಿದ ಮೇಲೆ, ಚಿಂತಲ್ ಮತ್ತು ಶಾಪೂರ್ ನಗರದ ಸುತ್ತಮುತ್ತ ಹರಡಿಕೊಂಡ ಕೈಗಾರಿಕಾ ಪ್ರದೇಶ ಇದು. ಮೆಟ್ರೋ ಇಲ್ಲಿಗೆ ಬರುವುದಿಲ್ಲ. ಬಾಲಾನಗರ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯಬೇಕು. ಇಲ್ಲಿ ದಾರಿ ಹೇಳುವುದು ಫೇಸ್ ಒಂದು, ಫೇಸ್ ಮೂರು ಎಂದು. ಬೀದಿಗೆ ಹೆಸರಿದ್ದರೂ ಯಾರೂ ಬಳಸುವುದಿಲ್ಲ. ಶಿಫ್ಟು ಬಿಡುವ ಹೊತ್ತಿಗೆ ರಸ್ತೆ ತುಂಬ ಟಿಫನ್ ಡಬ್ಬಿ ಹಿಡಿದವರು, ಅವರ ನಡುವೆ ಟ್ಯಾಂಕರ್ ಲಾರಿಗಳು. ಗಾಳಿ ದಿಕ್ಕು ತಪ್ಪಿದ ರಾತ್ರಿ ಕಿಟಕಿ ಮುಚ್ಚಿ ಮಲಗುತ್ತೇವೆ. ತೆಲುಗಿನಲ್ಲಿ ಜೀಡಿಪಪ್ಪು ಎಂದರೆ ಗೋಡಂಬಿ. ನಾನಂತೂ ಇಲ್ಲಿ ಒಂದೇ ಒಂದು ಗೇರುಮರ ಕಂಡಿಲ್ಲ.

ಹೈದರಾಬಾದಿಗೂ ಕನ್ನಡಕ್ಕೂ ನಂಟು ಹಳೆಯದು. ನಮ್ಮ ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಇದೇ ರಾಜಧಾನಿಯ ಕೆಳಗಿದ್ದವು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ. ಆದರೆ ಜೀಡಿಮೆಟ್ಲಾದಿಂದ ಸಂಜೆ ಹೊತ್ತು ಕಾಚಿಗುಡಕ್ಕೆ ಹೊರಟರೆ ಅಲ್ಲಿಯ ಕಾರ್ಯಕ್ರಮದ ವಂದನಾರ್ಪಣೆಗೆ ಮುಟ್ಟಬಹುದು. ಹೀಗಾಗಿ ನನ್ನ ದಿನನಿತ್ಯದ ಕನ್ನಡ ಇದ್ದದ್ದು ಫೋನಿನಲ್ಲಿ, ಟ್ವಿಟರಿನಲ್ಲಿ. ಬೀದರ್ ಕಡೆಯ ಮಾತುಗಳನ್ನು ಅಲ್ಲಿ ಆಗಾಗ ಬರೆಯುತ್ತಿದ್ದೆ. ಯಾರೋ ಧಾರವಾಡದವರು, ಯಾರೋ ಕುಂದಾಪುರದವರು ಬಂದು ತಮ್ಮದನ್ನು ಸೇರಿಸುತ್ತಿದ್ದರು.

2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ ಟ್ವಿಟರ್ ಕೊಂಡರು. ಕೆಲವೇ ವಾರಗಳಲ್ಲಿ ನಾನು ಓದುತ್ತಿದ್ದ ಅರ್ಧ ಜನ ಮಾತು ನಿಲ್ಲಿಸಿದ್ದರು, ಇನ್ನರ್ಧ ಜನ ಜಗಳ ಶುರು ಮಾಡಿದ್ದರು. ನಾನೂ ಮ್ಯಾಸ್ಟೊಡಾನಿಗೆ ಹೋದೆ. ಭಾರತೀಯರಿಗೆ ಆ ಹೆಸರು ಅದಕ್ಕೂ ಮೂರು ವರ್ಷ ಮೊದಲೇ ಕಿವಿಗೆ ಬಿದ್ದಿತ್ತು. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಸಿಟ್ಟಿಗೆದ್ದು ಹಲವರು ಅಲ್ಲಿ ಖಾತೆ ತೆರೆದಿದ್ದರು. ಬಹಳ ಮಂದಿ ವಾಪಸು ಬಂದೂ ಬಿಟ್ಟರು. 2022ರ ಗುಳೆ ಅದಕ್ಕಿಂತ ದೊಡ್ಡದು. ಮ್ಯಾಸ್ಟೊಡಾನ್ ಕಟ್ಟಿದ ಯೂಜೆನ್ ರೋಚ್ಕೊ ಕೊಟ್ಟ ಲೆಕ್ಕದಂತೆ, ಅಕ್ಟೋಬರಿನಲ್ಲಿ ಸುಮಾರು 3 ಲಕ್ಷವಿದ್ದ ತಿಂಗಳ ಬಳಕೆದಾರರು ನವೆಂಬರಿನಲ್ಲಿ 25 ಲಕ್ಷವಾದರು. ಆಮೇಲೆ ಆ ಸಂಖ್ಯೆ ಇಳಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಮ್ಯಾಸ್ಟೊಡಾನ್ ಒಂದು ಕಂಪನಿಯ ಒಂದೇ ಜಾಲತಾಣವಲ್ಲ. 2016ರಲ್ಲಿ ಜರ್ಮನಿಯಲ್ಲಿ ಶುರುವಾದ ಮುಕ್ತ ತಂತ್ರಾಂಶ ಅದು. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಂಡು ನಡೆಸಬಹುದು. ಒಂದೊಂದು ಸರ್ವರಿಗೂ ಒಬ್ಬ ಮಾಲೀಕ, ಅವರದೇ ನಿಯಮ. ಆದರೆ ಆಕ್ಟಿವಿಟಿಪಬ್ ಎಂಬ ಸಾಮಾನ್ಯ ಭಾಷೆಯಲ್ಲಿ ಅವು ಪರಸ್ಪರ ಮಾತಾಡುವುದರಿಂದ ಒಂದರಲ್ಲಿ ಇರುವವರು ಇನ್ನೊಂದರಲ್ಲಿ ಇರುವವರನ್ನು ಹಿಂಬಾಲಿಸಬಹುದು. 2018ರಿಂದ ಅದಕ್ಕೆ ಡಬ್ಲ್ಯು3ಸಿಯ ಮಾನ್ಯತೆಯೂ ಇದೆ. ಇಮೇಲ್ ಇದ್ದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಬಾಲ್ಕನಿಯಿಂದ ಕಾಣುವ ಶೆಡ್ಡುಗಳೇ ನೆನಪಾಗುತ್ತವೆ. ಪ್ರತಿ ಶೆಡ್ಡಿಗೂ ಬೇರೆ ಗೇಟು, ಬೇರೆ ವಾಚ್‌ಮನ್. ಆದರೆ ಲಾರಿ ಓಡುವ ರಸ್ತೆ ಎಲ್ಲರದೂ.

ಆ ಶೆಡ್ಡುಗಳ ಕಥೆಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬಾಲಾನಗರದ ಹತ್ತಿರ ಐಡಿಪಿಎಲ್ ಇತ್ತು: ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್, ಕೇಂದ್ರ ಸರ್ಕಾರ 1961ರಲ್ಲಿ ಸ್ಥಾಪಿಸಿದ ಕಂಪನಿ. ಸೋವಿಯತ್ ನೆರವಿನಿಂದ ಋಷಿಕೇಶದಲ್ಲಿ ಒಂದು ಘಟಕ, ಇಲ್ಲೊಂದು. ದೊಡ್ಡ ಗೇಟು, ದೊಡ್ಡ ಕಾಲೊನಿ, ಒಳಗೇ ಎಲ್ಲ. 1992ರಲ್ಲಿ ಅದು ರೋಗಗ್ರಸ್ತ ಕಂಪನಿ ಎಂದು ಘೋಷಣೆಯಾಯಿತು, ಇಲ್ಲಿಯ ಉತ್ಪಾದನೆ ನಿಂತು ಬಹಳ ಕಾಲವಾಯಿತು. ಆದರೆ ಅಲ್ಲಿ ಕೆಲಸ ಕಲಿತವರು ಹೊರಗೆ ಬಂದು ತಮ್ಮ ತಮ್ಮ ಘಟಕ ಹಾಕಿದರು. ಡಾ. ರೆಡ್ಡೀಸ್ ಶುರು ಮಾಡಿದ ಅಂಜಿ ರೆಡ್ಡಿಯವರೂ ಮೊದಲು ಐಡಿಪಿಎಲ್‌ನಲ್ಲಿದ್ದವರೇ. ನನ್ನವರ ಹಿರಿಯ ಸಹೋದ್ಯೋಗಿಗಳು ಈಗಲೂ ಯಾರಾದರೂ ಸಿಕ್ಕರೆ ಮೊದಲು ಕೇಳುವುದು "ಐಡಿಪಿಎಲ್ ಬ್ಯಾಚಾ?" ಎಂದು. ಗೇಟು ಮುಚ್ಚಿದರೂ ಪರಿಚಯ ಉಳಿದಿದೆ. ಈಗ ಅದಕ್ಕೆ ಒಂದೇ ವಿಳಾಸ ಇಲ್ಲ, ಅಷ್ಟೇ.

ಮ್ಯಾಸ್ಟೊಡಾನಿನಲ್ಲಿ ಮೊದಲ ವಾರ ನನಗೆ ಸಿಕ್ಕಿದ್ದು ಮೌನ. ಹೊಸಬರಿಗೆ ಇವರನ್ನು ನೋಡಿ, ಅವರನ್ನು ನೋಡಿ ಎಂದು ಹಿಂದೆ ಬಿದ್ದು ತೋರಿಸುವ ವ್ಯವಸ್ಥೆ ಅಲ್ಲಿಲ್ಲ. ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿಯುವುದೇ ಇಲ್ಲ: ನಿಮ್ಮ ಸರ್ವರಿಗೆ ಬರುವುದು ಹೆಚ್ಚಾಗಿ ಅಲ್ಲಿಯ ಯಾರಾದರೂ ಹಿಂಬಾಲಿಸುತ್ತಿರುವವರ ಬರಹ ಮಾತ್ರ. ಯುರೋಪಿನ ಯಾರೋ ಒಬ್ಬರು ನಡೆಸುತ್ತಿದ್ದ, ಕೆಲವು ನೂರು ಜನರ ಸರ್ವರಿನಲ್ಲಿ ಕನ್ನಡದವಳು ನಾನೊಬ್ಬಳೇ. ಹಾಗಾಗಿ ಅಲ್ಲಿ ಕನ್ನಡ ಎಂದು ಹುಡುಕಿದರೆ ನಾನೇ ಸಿಗುತ್ತಿದ್ದೆ! ಬರಹದೊಳಗಿನ ಪದಗಳನ್ನು ಹುಡುಕುವ ಸೌಲಭ್ಯವೂ ಆಗ ಇರಲಿಲ್ಲ. ಅದು ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಅದೂ ಬರೆದವರು ಒಪ್ಪಿದರೆ ಮಾತ್ರ. ಇದ್ದದ್ದು ಹ್ಯಾಶ್‌ಟ್ಯಾಗ್ ಒಂದೇ. ಕನ್ನಡ ಲಿಪಿಯ ಹ್ಯಾಶ್‌ಟ್ಯಾಗಿನಲ್ಲಿ ಕೆಲವರು, ಇಂಗ್ಲಿಷ್ ಅಕ್ಷರದ್ದರಲ್ಲಿ ಬೇರೆ ಕೆಲವರು. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ಅದೇ ಸುಮಾರಿಗೆ ಶಾಪೂರ್ ನಗರದಲ್ಲಿ ಸಂಜೆ ರಸ್ತೆ ಬದಿ ಜೊನ್ನ ರೊಟ್ಟೆ ಬಡಿಯುವ ಅಮ್ಮ ಪರಿಚಯವಾದರು. ಒಂದು ವರ್ಷ ಅವರ ಹತ್ತಿರ ತೆಲುಗಿನಲ್ಲೇ ಮಾತಾಡಿ ರೊಟ್ಟಿ ತಂದಿದ್ದೆ. ಒಂದು ದಿನ ಅವರು ಫೋನಿನಲ್ಲಿ ಯಾರಿಗೋ "ನಾ ಬರ್ಲಾಕ ಹೊತ್ತಾಗ್ತದ" ಎಂದದ್ದು ಕೇಳಿ ನಿಂತುಬಿಟ್ಟೆ. "ಎಲ್ಲಿಯವ್ರಮ್ಮ ನೀವು?" ಎಂದರೆ ಜಹೀರಾಬಾದ್ ಕಡೆಯವರಂತೆ, ತವರು ಬೀದರ್ ತಾಲೂಕು. "ನೀ ಮೊದ್ಲೇ ಹೇಳ್ಬೇಕಲ್ಲವ್ವ" ಎಂದು ಅವತ್ತು ಎರಡು ರೊಟ್ಟಿ ಜಾಸ್ತಿ ಕಟ್ಟಿದರು. ಅವರ ಗಾಡಿಗೆ ಕನ್ನಡದ ಬೋರ್ಡಿಲ್ಲ. ಇರಬೇಕಾದ ಕಾರಣವೂ ಇಲ್ಲ.

ನನಗೆ ಮ್ಯಾಸ್ಟೊಡಾನಿನಲ್ಲಿ ಜನ ಸಿಕ್ಕಿದ್ದೂ ಕನ್ನಡದ ಬೋರ್ಡಿನ ಕೆಳಗಲ್ಲ, ನಕ್ಷೆಯ ನೆಪದಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ನಾನು ಬಿಡುವಾದಾಗ ಜೀಡಿಮೆಟ್ಲಾದ ಗಲ್ಲಿಗಳನ್ನು ಸೇರಿಸುತ್ತಿದ್ದೆ. ನಕ್ಷೆ ಮಾಡುವವರದೇ ಒಂದು ಮ್ಯಾಸ್ಟೊಡಾನ್ ಸರ್ವರ್ ಇದೆ. ಅಲ್ಲಿಯ ನಾಲ್ಕಾರು ಜನರನ್ನು ಹಿಂಬಾಲಿಸಿದೆ, ಅವರು ಯಾರನ್ನು ಹಿಂಬಾಲಿಸುತ್ತಾರೆ ಎಂದು ಪಟ್ಟಿ ತೆರೆದು ನೋಡಿದೆ. ಅದರಲ್ಲಿ ಒಬ್ಬರು ಮಂಗಳೂರಿನವರು, ಹಕ್ಕಿಗಳ ಫೋಟೋ ಹಾಕುವವರು. ಅವರ ಪಟ್ಟಿಯಲ್ಲಿ ಕಾಸರಗೋಡಿನ ಒಬ್ಬ ಮೇಷ್ಟ್ರು. ಮೇಷ್ಟ್ರ ಕೆಳಗೆ ಸೊಲ್ಲಾಪುರದ ಒಬ್ಬರು. ಹೀಗೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಆರು ತಿಂಗಳಲ್ಲಿ ಮೂವತ್ತೋ ನಲವತ್ತೋ ಜನರಾದರು. ಸಂಖ್ಯೆ ಕೇಳಿ ನಗಬೇಡಿ. ಇಲ್ಲಿ 500 ಅಕ್ಷರಗಳವರೆಗೆ ಬರೆಯಬಹುದು, ಆ ನಲವತ್ತು ಜನರೂ ಪೂರ್ತಿ ಓದಿ ಉತ್ತರ ಬರೆಯುವವರು. ನಾನು ಜಳಕ, ಖೋಲಿ, ಪಡಸಾಲೆ ಎಂದು ಬರೆದರೆ ಸೊಲ್ಲಾಪುರದವರು ತಮ್ಮ ಮನೆಯ ಖೋಲಿಗಳನ್ನು ಎಣಿಸುತ್ತಿದ್ದರು, ಕಾಸರಗೋಡಿನ ಮೇಷ್ಟ್ರು ತಮ್ಮಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಬರೆಯುತ್ತಿದ್ದರು.

ಒಂದು ಸಲ ಬಾಲಾನಗರದ ಫ್ಲೈಓವರ್ ಕೆಳಗಿನ ದಾರಿಯ ಬಗ್ಗೆ ಏನೋ ಬರೆದಿದ್ದೆ. ಕೆನಡಾದಿಂದ ಒಬ್ಬರು ಉತ್ತರಿಸಿದರು. ಕನ್ನಡದವರು, ಅಪ್ಪ ಐಡಿಪಿಎಲ್‌ನಲ್ಲಿದ್ದರಂತೆ, ಇವರು ಹುಟ್ಟಿ ಬೆಳೆದದ್ದು ಐಡಿಪಿಎಲ್ ಕಾಲೊನಿಯಲ್ಲಿ. "ಸಾಧ್ಯವಾದರೆ ಗೇಟಿನ ಒಂದು ಫೋಟೋ ಕಳಿಸ್ತೀರಾ? ತೊಂದರೆ ತಗೋಬೇಡಿ" ಎಂದು ಬರೆದರು. ಭಾನುವಾರ ಹೋದೆ. ಬಸ್ಸಿನ ಕಂಡಕ್ಟರು ಈಗಲೂ ಐಡಿಪಿಎಲ್ ಎಂದೇ ಕೂಗುತ್ತಾರೆ. ಒಳಗೆ ಬಿಡಲಿಲ್ಲ. ಹೊರಗಿನಿಂದ ಕಂಡಷ್ಟು ಗೋಡೆ, ಗೋಡೆಯಾಚೆ ಸೂರುಗಳಿಗಿಂತ ಎತ್ತರ ಬೆಳೆದ ಮರಗಳು, ಎಲ್ಲ ತೆಗೆದು ಹಾಕಿದೆ. ಅವರು ಗೇಟಿನ ಬಗ್ಗೆ ಏನೂ ಹೇಳಲಿಲ್ಲ, ಮರಗಳ ಬಗ್ಗೆ ಮೂರು ಪೋಸ್ಟ್ ಬರೆದರು. ಅದರ ಕೆಳಗೆ ಇನ್ನಿಬ್ಬರು ಬಂದರು, ಒಬ್ಬರು ತೆಲುಗಿನವರು, ಒಬ್ಬರು ತಮಿಳರು, ಇಬ್ಬರೂ ಅದೇ ಕಾಲೊನಿಯ ಮಕ್ಕಳು.

ಎಲ್ಲವೂ ಇಷ್ಟು ಸಿಹಿಯಲ್ಲ. ಜೀಡಿಮೆಟ್ಲಾದಲ್ಲಿ ಶೆಡ್ಡು ಯಾರದಾದರೂ ಇರಲಿ, ಕೊಳಕು ನೀರು ಎಲ್ಲರದೂ. ಪ್ರತಿ ಸಣ್ಣ ಘಟಕಕ್ಕೂ ಶುದ್ಧೀಕರಣ ಸ್ಥಾವರ ಕಟ್ಟುವ ತಾಕತ್ತಿಲ್ಲ ಎಂದು 1980ರ ದಶಕದಲ್ಲಿ ಇಲ್ಲಿಯ ಕಾರ್ಖಾನೆಗಳು ಸೇರಿ ಒಂದು ಸಾಮಾನ್ಯ ಸ್ಥಾವರ ಮಾಡಿಕೊಂಡವು. ಟ್ಯಾಂಕರುಗಳಲ್ಲಿ ನೀರು ಅಲ್ಲಿಗೆ ಹೋಗುತ್ತದೆ. ಮ್ಯಾಸ್ಟೊಡಾನಿನ ಸರ್ವರುಗಳೂ ಹಾಗೆ, ದ್ವೇಷ ಕಾರುವ ಸರ್ವರುಗಳ ಪಟ್ಟಿಯನ್ನು ಹಂಚಿಕೊಂಡು ಅವುಗಳ ಬಾಗಿಲು ಮುಚ್ಚುತ್ತವೆ. ಆದರೆ ಕನ್ನಡದ ಬೈಗುಳ ಯುರೋಪಿನ ಅಡ್ಮಿನ್ನಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಮಹಾಶಯ ಮೇಷ್ಟ್ರಿಗೆ ಬೈದದ್ದನ್ನು ನಾನು ರಿಪೋರ್ಟ್ ಮಾಡಿದಾಗ ಅಡ್ಮಿನ್ ಬಹಳ ವಿನಯದಿಂದ ಅರ್ಥ ಕೇಳಿದರು. ಎರಡು ಸ್ನಾತಕೋತ್ತರ ವರ್ಷಗಳಲ್ಲೂ ನಾನು ಅಷ್ಟು ಕಷ್ಟದ ಅನುವಾದ ಮಾಡಿರಲಿಲ್ಲ. ಖಾತೆ ಅದೇ ದಿನ ಹೋಯಿತು.

ಅದೇ ಅಡ್ಮಿನ್ 2024ರಲ್ಲಿ ಸರ್ವರ್ ನಿಲ್ಲಿಸುವುದಾಗಿ ತಿಳಿಸಿದರು. ಖರ್ಚು, ರಾತ್ರಿಯೆಲ್ಲ ರಿಪೋರ್ಟು ನೋಡುವ ದಣಿವು. ಮ್ಯಾಸ್ಟೊಡಾನಿನ ಅಧಿಕೃತ ಪಟ್ಟಿಯಲ್ಲಿರುವ ಸರ್ವರುಗಳು ಮುಚ್ಚುವಾಗ ಮೂರು ತಿಂಗಳ ಮುನ್ಸೂಚನೆ ಕೊಡಬೇಕೆಂಬ ಒಪ್ಪಂದವಿದೆ. ಅವರು ಅಷ್ಟೂ ದಿನ ಕೊಟ್ಟರು. ಬೇರೆ ಸರ್ವರಿಗೆ ಹೋದಾಗ ಹಿಂಬಾಲಿಸುವವರು ತಾವಾಗಿಯೇ ನಮ್ಮ ಜೊತೆ ಬರುತ್ತಾರೆ. ನಾವು ಹಿಂಬಾಲಿಸುವವರ ಪಟ್ಟಿಯನ್ನೂ ಒಯ್ಯಬಹುದು. ಬರಹ ಬರುವುದಿಲ್ಲ. ನನ್ನ ಬರಹಗಳನ್ನು ಒಂದು ಕಡತವಾಗಿ ಇಳಿಸಿಕೊಂಡೆ, ಆದರೆ ಹೊಸ ಮನೆಯಲ್ಲಿ ಅದನ್ನು ಜೋಡಿಸುವ ದಾರಿಯಿಲ್ಲ. ಕಡತದಲ್ಲಿ ಇರುವುದೂ ನನ್ನ ಮಾತು ಮಾತ್ರ. ಸೊಲ್ಲಾಪುರದ ಖೋಲಿಗಳು, ಮೇಷ್ಟ್ರ ಟಿಪ್ಪಣಿಗಳು ಅದರಲ್ಲಿಲ್ಲ. ಆ ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಒಂದೊಂದೇ ಉತ್ತರವನ್ನು, ಬರೆದವರ ಒಪ್ಪಿಗೆ ಕೇಳಿ, ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿದೆ. ಆರು ನೂರು ಚಿಲ್ಲರೆ ಪದಗಳಾದವು. ಕೆನಡಾದವರ ಮರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ, ಅವು ಪದಪಟ್ಟಿಗೆ ಸಂಬಂಧಿಸದಿದ್ದರೂ.

ದೊಡ್ಡ ಕಂಪನಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿಗೆ ಕೂ ನೆನಪಿಸುತ್ತೇನೆ. ಬೆಂಗಳೂರಿನಲ್ಲಿ 2020ರಲ್ಲಿ ಕನ್ನಡದಿಂದಲೇ ಶುರುವಾದ ಆ ತಾಣ, ಕೋಟಿಗಟ್ಟಲೆ ಬಂಡವಾಳ ಬಂದ ಮೇಲೂ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಕನ್ನಡಿಗರು ಅಲ್ಲೆಲ್ಲ ಗುಂಪು ಕಟ್ಟಿದ್ದರು. ಹಾಗೆಂದು ನಾನು ಹಳೆಯದನ್ನು ಪೂರ್ತಿ ಬಿಟ್ಟಿಲ್ಲ. ಮಳೆ ಜೋರಾದರೆ ಜಿಎಚ್‌ಎಂಸಿ ಮತ್ತು ಟ್ರಾಫಿಕ್ ಪೊಲೀಸರ ಸುದ್ದಿಗೆ ಈಗಲೂ ಎಕ್ಸ್ ತೆರೆಯುತ್ತೇನೆ. 2020ರ ಅಕ್ಟೋಬರಿನಲ್ಲಿ ಫಾಕ್ಸ್ ಸಾಗರ್ ಉಕ್ಕಿ ಕೊಂಪಲ್ಲಿಯ ಉಮಾಮಹೇಶ್ವರ ಕಾಲೊನಿ ಮುಳುಗಿದ್ದನ್ನು ನೋಡಿದವರು ಯಾರೂ ಅಂಥ ಹೊತ್ತಿನಲ್ಲಿ ತತ್ವ ಹಿಡಿದು ಕೂರುವುದಿಲ್ಲ.

ಈಗಿರುವ ಸರ್ವರಿನಲ್ಲಿ ನಾವು ಕನ್ನಡದವರು ಐದು ಜನ. ಖರ್ಚಿಗೆ ತಿಂಗಳಿಗೆ ಇಷ್ಟು ಎಂದು ಎಲ್ಲರೂ ಹಾಕುತ್ತೇವೆ, ಕನ್ನಡದ ರಿಪೋರ್ಟುಗಳನ್ನು ನೋಡುವ ಕೆಲಸ ನಾನು ಮತ್ತು ಮಂಗಳೂರಿನವರು ಹಂಚಿಕೊಂಡಿದ್ದೇವೆ. ನೀವು ಬರುವುದಾದರೆ ಬರೆಯುವ ಪೆಟ್ಟಿಗೆಯ ಕೆಳಗೆ ಭಾಷೆ ಆರಿಸುವ ಗುಂಡಿಯಿದೆ, ಅಲ್ಲಿ ಕನ್ನಡ ಎಂದು ಒತ್ತಿ. ಇಲ್ಲದಿದ್ದರೆ ನಿಮ್ಮ ಬರಹ ಇಂಗ್ಲಿಷ್ ಎಂದು ದಾಖಲಾಗಿ, ಕನ್ನಡ ಮಾತ್ರ ತೋರಿಸು ಎಂದಿಟ್ಟುಕೊಂಡವರಿಗೆ ಕಾಣುವುದಿಲ್ಲ. ಹ್ಯಾಶ್‌ಟ್ಯಾಗ್ ಎರಡೂ ಲಿಪಿಯಲ್ಲಿ ಹಾಕಿ.

ಸದ್ಯ ನಮ್ಮ ನಡುವೆ ಚರ್ಚೆ ನಡೆದಿರುವುದು ಅದೇ ಫಾಕ್ಸ್ ಸಾಗರ್ ಬಗ್ಗೆ. 1897ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ಆ ಕೆರೆಗೆ ಜೀಡಿಮೆಟ್ಲಾ ಚೆರುವು ಎಂದೂ ಕೊಳ್ಳ ಚೆರುವು ಎಂದೂ ಹೆಸರಿದೆ. ಮುಕ್ತ ನಕ್ಷೆಯಲ್ಲಿ ಅದರ ಕನ್ನಡ ಹೆಸರಿನ ಜಾಗ ತುಂಬಬೇಕು. ಅನುವಾದ ಮಾಡಬಾರದು, ಜನ ಕರೆಯುವ ಹೆಸರು ಬರೆಯಬೇಕು ಎಂಬುದು ನಕ್ಷೆಯವರ ನಿಯಮ. ಚೆರುವು ಎಂದೇ ಇರಲಿ ಎಂದು ಮೇಷ್ಟ್ರು. ಕೆರೆ ಎನ್ನುವ ಕನ್ನಡದವರು ಅಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ಸೊಲ್ಲಾಪುರದವರು. ನಾನು ರೊಟ್ಟಿ ಅಮ್ಮನನ್ನು ಕೇಳಿದೆ. "ಕೆರಿ ಅಂತೀವವ್ವ, ಮತ್ತೇನಂತಾರ?" ಎಂದರು.