ಹಾರದ ದಿನ

ತಮ್ಮನ ಮಗನೂ ನಾನೂ ಕೂಡಿ, ಹೊಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ವರ್ಷ ಕಟ್ಟಿದ ಜೆಟ್ ವಿಮಾನದ ಮಾದರಿಯನ್ನು ಆಟಿಕೆಯೆಂದು ಕರೆಯಲು ಮನಸ್ಸೊಪ್ಪದು. ಎರಡು ಮೀಟರಿಗೂ ಮಿಕ್ಕ ಉದ್ದ. ಇಂಧನ ತುಂಬಿದರೆ 15 ಕಿಲೋಗ್ರಾಂ ತೂಕ.

ಅದರ ಒಡಲಲ್ಲಿರುವುದು ನಿಜವಾದ ಟರ್ಬೈನು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬವರು 1980ರ ದಶಕದ ಕೊನೆಯ ವೇಳೆಗೆ ಇಂಥ ಪುಟ್ಟ ಯಂತ್ರವನ್ನು ಸ್ವಂತ ಕೈಯಿಂದ ಮಾಡಿ ತೋರಿಸಿದರು. ಗಾಳಿಯನ್ನೊತ್ತುವ ಚಕ್ರವನ್ನು ಅವರು ಪ್ಲೈವುಡ್ಡಿನಿಂದ ಮಾಡಿದ್ದರೆಂದರೆ ಅಚ್ಚರಿಯಾಗುತ್ತದೆ! ಇಂದಿನ ಲೋಹದ ಚಕ್ರಗಳು ನಿಮಿಷಕ್ಕೆ 1,00,000ಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಉರಿಯುವುದು ಸೀಮೆಎಣ್ಣೆ, ಅದರಲ್ಲಿ ನೂರಕ್ಕೆ ಐದರಷ್ಟು ಬೆರೆಸಿದ ಟರ್ಬೈನ್ ಎಣ್ಣೆಯೇ ಬೇರಿಂಗುಗಳನ್ನು ಕಾಯುತ್ತದೆ.

ಕಟ್ಟುವುದಕ್ಕಿಂತ ಹೊಂದಿಸುವುದೇ ಹೆಚ್ಚಿನ ತಪಸ್ಸು. ಗುರುತ್ವಕೇಂದ್ರ ಹಿಂದೆ ಸರಿದರೆ ವಿಮಾನ ಮಾತು ಕೇಳದು; ಆದುದರಿಂದ ಬ್ಯಾಟರಿಗಳನ್ನು ಮೂಗಿನತ್ತ ಸರಿಸಿ ಮತ್ತೆ ಮತ್ತೆ ತೂಗಿದೆವು. ಕೊಳವೆಯಲ್ಲಿ ಗಾಳಿಯ ಗುಳ್ಳೆ ನುಗ್ಗಿದರೆ ಉರಿ ಆರಿಹೋದೀತು. ಅದನ್ನು ತಡೆಯಲು ಟರ್ಬೈನಿಗೆ ಮುಂಚೆ ಚಿಕ್ಕ ತೊಟ್ಟಿಯೊಂದನ್ನಿರಿಸಿದೆವು. ಸಂಕೇತ ತಪ್ಪಿದರೆ ಯಂತ್ರ ತಾನಾಗಿ ನಿಲ್ಲುವಂತೆಯೂ ಏರ್ಪಡಿಸಿದೆವು.

ಮೊದಲ ಹಾರಾಟಕ್ಕೆಂದು ಬಂಧುಗಳೆಲ್ಲ ಬಯಲಿನಲ್ಲಿ ನೆರೆದರು. ಬೆಂಕಿಯಾರಿಸುವ ಸಿಲಿಂಡರನ್ನು ಹಿಡಿದು ನಾನು ನಿಂತಿದ್ದೆ. ದೂರದಿಂದ ಸಂಕೇತವನ್ನು ಪರೀಕ್ಷಿಸುವಾಗ ರೆಕ್ಕೆಯಂಚಿನ ಪಟ್ಟಿಯೊಂದು ಕ್ಷಣಕಾಲ ನಡುಗಿತು. ಮತ್ತಾರ ಕಣ್ಣಿಗೂ ಅದು ಬೀಳಲಿಲ್ಲ. ಹುಡುಗನು ಯಂತ್ರವನ್ನು ಹೊತ್ತಿಸಲೇ ಇಲ್ಲ.

“ಒಮ್ಮೆ ಹಾರಿಸಿ ನೋಡಬಾರದೆ?” ಎಂದನು ತಮ್ಮ.

“ಅಪ್ಪಾ, ಅತ್ತ ರಾಗಿ ಕೊಯ್ಯುವವರಿದ್ದಾರೆ” ಎಂದಷ್ಟೇ ನುಡಿದು ಅವನು ರೆಕ್ಕೆ ಬಿಚ್ಚತೊಡಗಿದನು.

ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಸಾಗುವ ಆ ಭಾರವು ಹೊಲದ ಮೇಲೆರಗಿದರೆ ಏನಾದೀತೆಂದು ಬಂದವರಾರೂ ಯೋಚಿಸಿರಲಿಲ್ಲ. ಹತ್ತೊಂಬತ್ತರ ಹುಡುಗನು ಯೋಚಿಸಿದ್ದನು. ನೆಂಟರು ಬೇಸರದಿಂದ ಮರಳಿದರು. ನಾನು ಮಾತ್ರ ನೆಮ್ಮದಿಯಿಂದ ಸಿಲಿಂಡರನ್ನು ಕೆಳಗಿಟ್ಟೆನು.